ಹಳೆ ಸೂಪರ್‌ಹೀರೋ ಕಾಮಿಕ್ಸ್: ಬೆಲೆ ಪಕ್ಕಕ್ಕಿಟ್ಟು ತೂಗಿದರೆ ಯಾವುದು ಮೊದಲು?

ಹಳೇಪೇಪರ್ (ಬೆಂಗಳೂರು):

2026ರ ಜನವರಿಯಿಂದ ನಮ್ಮ ಕಾಮಿಕ್ಸ್ ಸಂಗ್ರಹಕಾರರ ಗುಂಪಿನಲ್ಲಿ ಒಂದೇ ಮಾತು. ಆಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆಯ ಒಂದು ಪ್ರತಿ 1.5 ಕೋಟಿ ಡಾಲರಿಗೆ ಮಾರಾಟವಾಯಿತು. ಅದಕ್ಕೆ ಎರಡು ತಿಂಗಳ ಹಿಂದೆ, 2025ರ ನವೆಂಬರಿನಲ್ಲಿ, ಸೂಪರ್‌ಮ್ಯಾನ್ ಮೊದಲ ಸಂಚಿಕೆ 91.2 ಲಕ್ಷ ಡಾಲರಿಗೆ ಹರಾಜಾಗಿತ್ತು. ಇಂಥ ಸುದ್ದಿ ಬಂದಾಗಲೆಲ್ಲ ಯಾರಾದರೂ ಒಬ್ಬರು ಟಾಪ್ ಟೆನ್ ಪಟ್ಟಿ ಹಾಕುತ್ತಾರೆ. ತೆರೆದು ನೋಡಿದರೆ ಅದು ಬರೀ ರೇಟ್ ಬೋರ್ಡು. ಚಿನ್ನದಂಗಡಿ ಬಾಗಿಲಲ್ಲಿ ನೇತು ಹಾಕುತ್ತಾರಲ್ಲ, ಹಾಗೆ.

ನನ್ನ ಲೆಕ್ಕ ಬೇರೆ. ಹಳೆ ಮನೆಯಲ್ಲಿ ಒಂದು ತೊಲೆ ಎಳೆದರೆ ಎಷ್ಟು ಹೆಂಚು ಬೀಳುತ್ತೆ ಅನ್ನೋದರ ಮೇಲೆ ಆ ತೊಲೆಯ ಬೆಲೆ ಗೊತ್ತಾಗುತ್ತೆ. ಕಾಮಿಕ್ಸ್‌ಗೂ ಅದೇ. ಆ ಸಂಚಿಕೆ ಬರಲೇ ಇಲ್ಲ ಅಂದುಕೊಳ್ಳಿ. ಆಮೇಲೆ ಬಂದದ್ದರಲ್ಲಿ ಏನೇನು ಉಳಿಯುತ್ತಿರಲಿಲ್ಲ?

ಹಾಗೆ ನೋಡಿದರೆ ಆಕ್ಷನ್ ಕಾಮಿಕ್ಸ್ 1 ಮೊದಲ ಸ್ಥಾನದಲ್ಲಿ ಅಲ್ಲಾಡದೆ ಕೂತಿದೆ. 1938ರ ಜೂನ್ ಸಂಚಿಕೆ, ಹತ್ತು ಸೆಂಟ್ ಬೆಲೆ, ಮುಖಪುಟದಲ್ಲಿ ಹಸಿರು ಕಾರನ್ನು ಎತ್ತಿ ಬಂಡೆಗೆ ಅಪ್ಪಳಿಸುತ್ತಿರುವ ಸೂಪರ್‌ಮ್ಯಾನ್. ಒಳಗೆ ಅವನಿಗೆ ಸಿಕ್ಕಿದ್ದು ಬರೀ 13 ಪುಟ. ಮಿಕ್ಕಿದ್ದೆಲ್ಲ ಬೇರೆ ಬೇರೆ ಕಥೆಗಳು. ಆ 13 ಪುಟ ತೆಗೆದರೆ ಇಡೀ ಮನೆಯೇ ಇಲ್ಲ, ಹೆಂಚಿನ ಮಾತು ಆಮೇಲೆ.

ಇದರ ಜೊತೆಗೊಂದು ಹೊಟ್ಟೆ ಉರಿಯುವ ಕಥೆಯೂ ಇದೆ. ಬರೆದ ಜೆರ್ರಿ ಸೀಗಲ್, ಚಿತ್ರ ಬಿಡಿಸಿದ ಜೋ ಶುಸ್ಟರ್, ಇಬ್ಬರೂ ಸೇರಿ ಆ ಪಾತ್ರದ ಹಕ್ಕು ಮಾರಿದ್ದು 130 ಡಾಲರಿಗೆ. ಬೇರೆ ಕೆಲಸಗಳ ಬಾಕಿಯೂ ಸೇರಿ ಒಟ್ಟು 412 ಡಾಲರಿನ ಚೆಕ್ ಕೊಟ್ಟಿದ್ದರು. ಆ ಚೆಕ್ಕೇ 2012ರಲ್ಲಿ 1,60,000 ಡಾಲರಿಗೆ ಹರಾಜಾಯಿತು. ಚೆಕ್ಕಿನ ಕಾಗದಕ್ಕೆ ಸಿಕ್ಕ ದುಡ್ಡು ಅದನ್ನು ದುಡಿದವರಿಗೆ ಸಿಗಲಿಲ್ಲ.

ಎರಡನೆಯದು ಅಮೇಜಿಂಗ್ ಫ್ಯಾಂಟಸಿ 15, ಅಂದರೆ ಹದಿನೈದನೇ ಸಂಚಿಕೆ, ಸ್ಪೈಡರ್‌ಮ್ಯಾನ್ ಮೊದಲು ಬಂದದ್ದು. ಮೂರು ಡಿಟೆಕ್ಟಿವ್ ಕಾಮಿಕ್ಸ್ 27, ಬ್ಯಾಟ್‌ಮ್ಯಾನ್ ಮೊದಲು ಬಂದದ್ದು. ನಾಲ್ಕು ಫೆಂಟಾಸ್ಟಿಕ್ ಫೋರ್ 1. ಐದು ಶೋಕೇಸ್ 4. ಆಮೇಲೆ ಕ್ಯಾಪ್ಟನ್ ಅಮೆರಿಕ 1, ಆಲ್ ಸ್ಟಾರ್ 8, ಮಾರ್ವೆಲ್ ಕಾಮಿಕ್ಸ್ 1, ಹಲ್ಕ್ 181, ಜೈಂಟ್ ಸೈಜ್ ಎಕ್ಸ್‌ಮೆನ್ 1, ಇದೇ ಕ್ರಮದಲ್ಲಿ.

ಹೌದು, ಸೂಪರ್‌ಮ್ಯಾನ್ 1 ಪಟ್ಟಿಯಲ್ಲಿ ಇಲ್ಲ. ಬೇಕಂತಲೇ ಬಿಟ್ಟಿದ್ದೇನೆ. ಬನ್ನಿ, ಬೈಯಿರಿ.

ಹುಬ್ಳಿ_ಹೈದ:

ಬೈಯೋಕೇ ಬಂದೆ. 91 ಲಕ್ಷ ಡಾಲರಿನ ಪುಸ್ತಕ ಟಾಪ್ ಟೆನ್‌ನಲ್ಲಿ ಇಲ್ಲ ಅಂದರೆ ಪಟ್ಟಿ ಮಾಡಿದವರ ತಲೆ ನೋಡಬೇಕು. ಒಬ್ಬ ಸೂಪರ್‌ಹೀರೋ ಹೆಸರಲ್ಲೇ ಒಂದು ಪೂರ್ತಿ ಪುಸ್ತಕ ಬಂದಿದ್ದು ಅದೇ ಮೊದಲು, ಅಲ್ವಾ? ಅದಕ್ಕೂ ಮುಂಚೆ ಎಲ್ಲ ಮಿಶ್ರ ಭಜಿ. ನಾಲ್ಕು ಕಥೆ ಪತ್ತೇದಾರಿದು, ಎರಡು ಕೌಬಾಯ್‌ದು, ನಡುವೆ ಒಂದು ಹೀರೋದು.

ಹಳೇಪೇಪರ್:

ಒಪ್ಪಿದೆ, ಅದು ದೊಡ್ಡ ಮಾತೇ. ಆದರೆ ಒಳಗೆ ಏನಿತ್ತು? ಆಕ್ಷನ್ ಕಾಮಿಕ್ಸ್ ಮೊದಲ ನಾಲ್ಕು ಸಂಚಿಕೆಗಳ ಕಥೆಗಳನ್ನೇ ಮತ್ತೆ ಹಾಕಿದ್ದರು, ಸ್ವಲ್ಪ ಹೊಸ ಪುಟ ಸೇರಿಸಿ. 1939ರ ಹೊತ್ತಿಗೆ ಸೂಪರ್‌ಮ್ಯಾನ್ ಎಷ್ಟು ಓಡುತ್ತಿದ್ದ ಅಂದರೆ ಯಾರಾದರೂ ಒಬ್ಬರು ಆ ಪುಸ್ತಕ ಮಾಡೇ ಮಾಡುತ್ತಿದ್ದರು. ತೊಲೆ ಎಳೆದರೂ ಮನೆ ನಿಲ್ಲುತ್ತೆ.

ಬೆಲೆ ಯಾಕೆ ಅಷ್ಟು ಏರಿತು ಅನ್ನೋದು ಬೇರೆ ವಿಷಯ. ಆ ಪ್ರತಿ ಸಿಕ್ಕಿದ್ದು ಕ್ಯಾಲಿಫೋರ್ನಿಯಾದ ಒಂದು ಮನೆಯ ಅಟ್ಟದಲ್ಲಿ. ತಾಯಿ ತೀರಿಕೊಂಡ ಮೇಲೆ ಮೂವರು ಗಂಡುಮಕ್ಕಳು ಮನೆ ಖಾಲಿ ಮಾಡುತ್ತಿದ್ದರು. ರಟ್ಟಿನ ಡಬ್ಬದಲ್ಲಿ ಹಳೆ ಪತ್ರಿಕೆಗಳ ರಾಶಿ, ಅದರಡಿಯಲ್ಲಿ ಇದು. ಸ್ಥಿತಿ ನೋಡಿ ಹತ್ತಕ್ಕೆ 9.0 ಗ್ರೇಡ್ ಕೊಟ್ಟರು. ಆ ಪುಸ್ತಕದ ಇಷ್ಟು ಚೆನ್ನಾಗಿರುವ ಇನ್ನೊಂದು ಪ್ರತಿ ಗೊತ್ತಿಲ್ಲ. ಕೊಂಡವರು ಸ್ಥಿತಿಗೆ ದುಡ್ಡು ಕೊಟ್ಟರು, ಚರಿತ್ರೆಗಲ್ಲ.

ಪುಟ್ಟಕ್ಕ_ಎನ್‌ಜೆ (ಎಡಿಸನ್, ನ್ಯೂಜೆರ್ಸಿ):

ನಿಮ್ಮ ತೊಲೆ ಲೆಕ್ಕ ನನಗೆ ಇಷ್ಟವಾಯಿತು. ಆದರೆ ಲೆಕ್ಕ ಸರಿಯಾಗಿ ಹಾಕಿಲ್ಲ ನೀವು. ಶೋಕೇಸ್ 4 ಐದನೇ ಸ್ಥಾನದಲ್ಲಾ? ಹೇಳುತ್ತೇನೆ ಕೇಳಿ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಇಲ್ಲಿನ ಜನಕ್ಕೆ ಸೂಪರ್‌ಹೀರೋಗಳು ಸಾಕಾಗಿ ಹೋದರು. ಭಯಾನಕ ಕಥೆ, ಕೊಲೆ ಕಥೆ, ಪ್ರೇಮ ಕಥೆಗಳೇ ಜಾಸ್ತಿ ಮಾರಾಟವಾಗುತ್ತಿದ್ದವು. ಅಷ್ಟರಲ್ಲಿ 1954ರಲ್ಲಿ ಫ್ರೆಡ್ರಿಕ್ ವರ್ಥಮ್ ಅನ್ನೋ ಮನೋವೈದ್ಯರು ಕಾಮಿಕ್ಸ್ ಓದಿ ಮಕ್ಕಳು ಕೆಡುತ್ತಿದ್ದಾರೆ ಎಂದು ಪುಸ್ತಕ ಬರೆದರು. ಸೆನೆಟ್‌ನಲ್ಲಿ ವಿಚಾರಣೆ ನಡೆಯಿತು. ಹೆದರಿದ ಪ್ರಕಾಶಕರು ತಾವೇ ಕಾಮಿಕ್ಸ್ ಕೋಡ್ ಅಂತ ಒಂದು ಕಟ್ಟುಪಾಡು ಮಾಡಿಕೊಂಡರು. ಎಷ್ಟೋ ಕಂಪನಿಗಳು ಬಾಗಿಲು ಹಾಕಿದವು. ಹೀರೋಗಳ ಪೈಕಿ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ವಂಡರ್ ವುಮನ್ ಇಂಥ ಕೆಲವೇ ಜನ ಸ್ವಂತ ಪುಸ್ತಕದಲ್ಲಿ ಹೇಗೋ ಉಸಿರು ಹಿಡಿದಿದ್ದರು.

ಆಗ 1956ರಲ್ಲಿ, ಸೂಪರ್‌ಮ್ಯಾನ್ ತರುತ್ತಿದ್ದ ಡಿಸಿ ಕಂಪನಿಯಿಂದಲೇ, ಶೋಕೇಸ್ 4 ಬಂತು. ಸಂಪಾದಕ ಜೂಲಿಯಸ್ ಶ್ವಾರ್ಟ್ಸ್, ಚಿತ್ರ ಕಾರ್ಮೈನ್ ಇನ್ಫಾಂಟಿನೋ. ಫ್ಲ್ಯಾಶ್ ಅನ್ನೋ ಹಳೆಯ ಹೀರೋ ಹೆಸರಿಟ್ಟುಕೊಂಡು ಹೊಸ ಮನುಷ್ಯನನ್ನು ಹುಟ್ಟಿಸಿದರು, ಬ್ಯಾರಿ ಆಲನ್. ಮುಖಪುಟ ನೋಡಿದ್ದೀರಾ? ಫಿಲ್ಮ್ ರೀಲಿನ ಚೌಕಗಳಲ್ಲಿ ಓಡುತ್ತಾ ಬಂದವನು ರೀಲನ್ನೇ ಹರಿದುಕೊಂಡು ನಮ್ಮ ಕಡೆ ನುಗ್ಗುತ್ತಾನೆ. ಅದು ಗೆದ್ದಿತು. ಗ್ರೀನ್ ಲ್ಯಾಂಟರ್ನ್ ಹೊಸದಾಗಿ ಬಂದ. ಎಲ್ಲರೂ ಸೇರಿ ಜಸ್ಟಿಸ್ ಲೀಗ್ ಆಯಿತು. ಜಸ್ಟಿಸ್ ಲೀಗ್ ಚೆನ್ನಾಗಿ ಓಡುತ್ತಿದೆ ಎಂದು ಗೊತ್ತಾಗಿಯೇ ಎದುರು ಕಂಪನಿ ಮಾರ್ವೆಲ್‌ನ ಮಾಲೀಕ ಮಾರ್ಟಿನ್ ಗುಡ್‌ಮನ್ ತನಗೂ ಒಂದು ಹೀರೋ ತಂಡ ಬೇಕು ಎಂದ. 1961ರಲ್ಲಿ ಸ್ಟಾನ್ ಲೀ, ಜ್ಯಾಕ್ ಕರ್ಬಿ ಸೇರಿ ಫೆಂಟಾಸ್ಟಿಕ್ ಫೋರ್ ಮಾಡಿದರು. ಅದು ಗೆದ್ದಿದ್ದಕ್ಕೆ ಮರುವರ್ಷ ಸ್ಪೈಡರ್‌ಮ್ಯಾನ್.

ಈಗ ಶೋಕೇಸ್ 4 ಎಳೆಯಿರಿ. ನಿಮ್ಮ ಎರಡನೆಯದೂ ಬಿತ್ತು, ನಾಲ್ಕನೆಯದೂ ಬಿತ್ತು. ಇದು ಎರಡನೇ ಸ್ಥಾನದಲ್ಲಿ ಇರಬೇಕಾದ ಪುಸ್ತಕ. ಬೆಲೆ ಕಡಿಮೆ ಅಂತ ನೀವೂ ಕೆಳಗೆ ಇಟ್ಟಿರಿ. ಬೆಲೆ ನೋಡಲ್ಲ ಅಂದವರು!

ಹಳೇಪೇಪರ್:

ಅಕ್ಕಾ, ಸರಿಯಾಗಿ ಕೊಟ್ಟಿರಿ. ಈ ರಾತ್ರಿ ಯೋಚನೆ ಮಾಡುತ್ತೇನೆ.

ಹೊಸಪುಟ:

ಒಂದು ಪ್ರಶ್ನೆ. ಫ್ಯಾಂಟಮ್ ಎಲ್ಲಿ ಹೋದ? 1936ರಲ್ಲೇ ಬಂದವನು. ಮೈಗಂಟಿದ ಬಟ್ಟೆ, ಮುಖವಾಡ, ಎಲ್ಲ ಸೂಪರ್‌ಮ್ಯಾನ್ ಬರುವ ಮುಂಚೆಯೇ ಅವನಿಗಿತ್ತು. ನಮ್ಮ ಅಪ್ಪನಿಗೆ ಸೂಪರ್‌ಮ್ಯಾನ್ ಗೊತ್ತಿಲ್ಲ, ಫ್ಯಾಂಟಮ್ ಅಂದರೆ ಈಗಲೂ ತಲೆಬುರುಡೆ ಉಂಗುರದ ಮಾತು ಶುರು ಮಾಡುತ್ತಾರೆ.

ಹಳೇಪೇಪರ್:

ಅಪ್ಪನಿಗೆ ನಮಸ್ಕಾರ ಹೇಳಿ. ಫ್ಯಾಂಟಮ್ ಹುಟ್ಟಿದ್ದು ದಿನಪತ್ರಿಕೆಯ ಪಟ್ಟಿಚಿತ್ರದಲ್ಲಿ, ಪುಸ್ತಕದಲ್ಲಲ್ಲ. ಲೀ ಫಾಕ್ ದಿನಾ ಮೂರು ನಾಲ್ಕು ಚೌಕ ಬರೆಯುತ್ತಿದ್ದರು. ಅವನ ಮೊದಲ ದರ್ಶನವನ್ನು ಸಂಗ್ರಹ ಮಾಡಬೇಕೆಂದರೆ 1936ರ ಫೆಬ್ರುವರಿ 17ರ ಅಮೆರಿಕದ ಪೇಪರ್ ಹುಡುಕಬೇಕು. ಆದ್ದರಿಂದ ಈ ಪಟ್ಟಿಗೆ ಬರಲ್ಲ. ವಂಶವೃಕ್ಷ ಬರೆದರೆ ಅವನದು ಅಜ್ಜನ ಜಾಗ.

ನಮ್ಮ ದೇಶದ ಮಟ್ಟಿಗೆ ಬೇರೆ ಪಟ್ಟಿಯೇ ಬೇಕು. ಇಂದ್ರಜಾಲ್ ಕಾಮಿಕ್ಸ್ 1964ರ ಮಾರ್ಚಿನಲ್ಲಿ ಶುರುವಾಗಿದ್ದೇ ಫ್ಯಾಂಟಮ್ ಕಥೆಯಿಂದ. 1990ರವರೆಗೆ ನಡೆಯಿತು. ಅದರ ಮೊದಲ ಸಂಚಿಕೆ ಒಳ್ಳೆ ಸ್ಥಿತಿಯಲ್ಲಿ ಕಣ್ಣಿಗೆ ಬೀಳುವುದೇ ಅಪರೂಪ. ಚರ್ಚ್ ಸ್ಟ್ರೀಟ್, ಅವೆನ್ಯೂ ರೋಡು ಎಲ್ಲ ಸುತ್ತಿದ್ದೇನೆ. ಎಂಬತ್ತರ ದಶಕದವು ಸಿಗುತ್ತವೆ. ಅರವತ್ತರವು ಸಿಕ್ಕರೆ ಪಿನ್ನು ತುಕ್ಕು ಹಿಡಿದು ನಡುವಿನ ಹಾಳೆ ಬಿಟ್ಟುಹೋಗಿರುತ್ತೆ.

ಮಳೆಗಾಲ (ಮಂಗಳೂರು):

ತುಕ್ಕಿನ ಮಾತು ಬಂತಲ್ಲ, ನನ್ನ ಪಾಪ ಒಪ್ಪಿಕೊಂಡುಬಿಡುತ್ತೇನೆ.

1994ರಲ್ಲಿ ನನ್ನ ಹತ್ತಿರ ಹದಿನೆಂಟು ಇಂದ್ರಜಾಲ್ ಇದ್ದವು. ನಮ್ಮ ಕಡೆ ಜೂನ್ ಬಂದರೆ ಬೀರುವಿನ ಒಳಗಿನ ಬಟ್ಟೆಗೂ ಬೂಸ್ಟು ಬರುತ್ತೆ, ಕಾಗದ ಯಾವ ಲೆಕ್ಕ. ಕಾಪಾಡಬೇಕು ಅಂತ ಒಳ್ಳೆ ಮನಸ್ಸಿನಿಂದ ಎಲ್ಲ ಮುಖಪುಟ ಬಿಚ್ಚಿ ಲ್ಯಾಮಿನೇಶನ್ ಮಾಡಿಸಿದೆ. ಬಸ್ ಪಾಸ್ ಮಾಡಿಸಿದ ಹಾಗೆ! ಬೆನ್ನಿಗೆ ಸೆಲ್ಲೋಟೇಪ್ ಹಾಕಿದೆ. ಈಗ ಟೇಪ್ ಕಂದು ಬಣ್ಣಕ್ಕೆ ತಿರುಗಿ, ಅಂಟು ಹಾಳೆಯೊಳಗೆ ಇಳಿದು, ಹಿಂದಿನ ಪುಟದ ಅಕ್ಷರ ಮುಂದೆ ಕಾಣುತ್ತೆ. ನನ್ನ ಮಗಳು ನೋಡಿ "ಅಪ್ಪ, ಇದು ಹೋಟೆಲ್ ಮೆನು ಕಾರ್ಡಾ?" ಎಂದು ಕೇಳಿದಳು.

ಆದ್ದರಿಂದ ಹೊಸಬರಿಗೆ ಹೇಳುತ್ತೇನೆ. ಹಳೆ ಕಾಮಿಕ್ಸ್ ನ್ಯೂಸ್‌ಪ್ರಿಂಟ್ ಕಾಗದದವು. ಆ ಕಾಗದದಲ್ಲೇ ಆಮ್ಲ ಇರುತ್ತೆ, ಸುಮ್ನೆ ಇಟ್ಟರೂ ಹಳದಿಯಾಗುತ್ತೆ. ನಾವು ಮಾಡಬಹುದಾದ್ದು ಅದನ್ನು ನಿಧಾನ ಮಾಡುವುದಷ್ಟೇ. ಮೈಲಾರ್ ಅನ್ನೋ ಪಾರದರ್ಶಕ ಪಾಲಿಯೆಸ್ಟರ್ ಚೀಲ, ಹಿಂದೆ ಆಮ್ಲ ಇಲ್ಲದ ರಟ್ಟು, ಬಿಸಿಲು ಬೀಳದ ಜಾಗ, ನೆಲದಿಂದ ಮೇಲೆ. ಟೇಪ್ ಬೇಡ. ಗೋಂದು ಬೇಡ. ಲ್ಯಾಮಿನೇಶನ್ ಬೇಡವೇ ಬೇಡ.

ಪುಟ್ಟಕ್ಕ_ಎನ್‌ಜೆ:

ಮೆನು ಕಾರ್ಡ್! ನಗು ತಡೆಯಲಾಗುತ್ತಿಲ್ಲ, ಕ್ಷಮಿಸಿ.

ನಾನು ಆಲ್ ಸ್ಟಾರ್ 8 ಪರವಾಗಿಯೂ ಸ್ವಲ್ಪ ಮಾತಾಡಬೇಕು. ವಂಡರ್ ವುಮನ್ ಮೊದಲು ಬಂದಿದ್ದು ಅದರಲ್ಲಿ, 1941ರ ಕೊನೆಗೆ. ಬರೆದವರು ವಿಲಿಯಂ ಮೌಲ್ಟನ್ ಮಾರ್ಸ್ಟನ್, ಮನಶ್ಶಾಸ್ತ್ರ ಓದಿದವರು. ಚಿತ್ರ ಎಚ್.ಜಿ. ಪೀಟರ್. ಆದರೆ ಮುಖಪುಟದಲ್ಲಿ ಅವಳಿಲ್ಲ. ಅಲ್ಲಿ ಗಂಡಸರ ಸಂಘ, ಜಸ್ಟಿಸ್ ಸೊಸೈಟಿ. ಇವಳ ಕಥೆ ಪುಸ್ತಕದ ಕೊನೆಯಲ್ಲಿ ಸೇರಿಸಿದ ಕೆಲವೇ ಪುಟ. ಹಬ್ಬದೂಟದಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಅಡುಗೆಮನೆಯಲ್ಲಿ ಕೂತು ಉಂಡವಳ ಹಾಗೆ.

ಸಂಗ್ರಹಕಾರರು ಮುಖಪುಟ ನೋಡಿ ದುಡ್ಡು ಕೊಡುವವರು. ಆದ್ದರಿಂದ ಇದರ ಬೆಲೆ ಬ್ಯಾಟ್‌ಮ್ಯಾನ್, ಸೂಪರ್‌ಮ್ಯಾನ್ ಪುಸ್ತಕಗಳ ಹತ್ತಿರಕ್ಕೂ ಹೋಗಲ್ಲ. ಮುಖಪುಟದಲ್ಲಿ ಅವಳಿರುವ ಮೊದಲನೆಯದು ಸೆನ್ಸೇಶನ್ ಕಾಮಿಕ್ಸ್ 1, 1942ರ ಜನವರಿ. ಕೆಲವರು ಅದನ್ನೇ ಮೇಲಿಡುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಹುಟ್ಟಿದ ದಿನ ಹುಟ್ಟಿದ ದಿನವೇ, ನಾಮಕರಣದ ಫೋಟೋ ಎಷ್ಟೇ ಚೆನ್ನಾಗಿರಲಿ.

ಹುಬ್ಳಿ_ಹೈದ:

ಅಕ್ಕಾರ ಮಾತು ಸರಿ. ಹಂಗಾರೆ ಡಿಟೆಕ್ಟಿವ್ 27 ಯಾಕೆ ಮೂರನೇದು? ಬ್ಯಾಟ್‌ಮ್ಯಾನ್ ಇಲ್ಲದ ಜಗತ್ತು ಬೇಕಾ ನಿಮಗೆ?

ಹಳೇಪೇಪರ್:

ನನಗೂ ಬ್ಯಾಟ್‌ಮ್ಯಾನ್ ಅಂದರೆ ಪ್ರಾಣ. ಆದರೂ 1939ರ ಮೇ ಸಂಚಿಕೆಯ ಆ ಆರು ಪುಟದ ಕಥೆ ಓದಿ ನೋಡಿ. ರಾಸಾಯನಿಕ ಕಂಪನಿಯ ಪಾಲುದಾರರ ಕೊಲೆ, ಒಬ್ಬ ಪತ್ತೇದಾರ, ಅವನ ಮೇಲೆ ಒಂದು ಬಾವಲಿ ವೇಷ. ಅಪ್ಪ ಅಮ್ಮ ಸತ್ತ ಕಥೆ ಅದರಲ್ಲಿಲ್ಲ, ರಾಬಿನ್ ಇಲ್ಲ, ಜೋಕರ್ ಇಲ್ಲ. ಜೋಕರ್, ಕ್ಯಾಟ್‌ವುಮನ್ ಇಬ್ಬರೂ ಬಂದಿದ್ದು 1940ರ ಬ್ಯಾಟ್‌ಮ್ಯಾನ್ 1ರಲ್ಲಿ. ಹಾಗಾಗಿ ಆ ಸಂಚಿಕೆಗೂ ಒಂದು ಸ್ಥಾನ ಕೊಡಬೇಕು ಅನ್ನೋರ ವಾದದಲ್ಲಿ ತೂಕ ಇದೆ.

ಇನ್ನೊಂದು. ಆ ಆರು ಪುಟ ಬರೆದದ್ದು ಬಿಲ್ ಫಿಂಗರ್. ಆದರೆ ಬಾಬ್ ಕೇನ್ ಒಬ್ಬರ ಹೆಸರೇ ದಶಕಗಟ್ಟಲೆ ಬಂತು. ಫಿಂಗರ್ ಹೆಸರು ಅಧಿಕೃತವಾಗಿ ಸೇರಿದ್ದು 2015ರಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು ನಲವತ್ತು ವರ್ಷ ದಾಟಿತ್ತು.

ಸ್ಪೈಡರ್‌ಮ್ಯಾನನ್ನು ಮೇಲಿಟ್ಟಿದ್ದು ಯಾಕೆ ಅಂದರೆ, ಅವನಿಗೆ ಮುಂಚೆ ಹದಿಹರೆಯದ ಹುಡುಗ ಅಂದರೆ ಹೆಚ್ಚಾಗಿ ಹೀರೋ ಹಿಂದೆ ಓಡುವ ಚೇಲಾ. ಸ್ಪೈಡರ್‌ಮ್ಯಾನ್ ವೇಷದೊಳಗಿನ ಹುಡುಗ ಪೀಟರ್ ಪಾರ್ಕರ್‌ಗೆ ಫೀಸು, ದೊಡ್ಡಮ್ಮನ ಔಷಧಿ, ಬಾಡಿಗೆ ಎಲ್ಲ ತಲೆನೋವು. ಅದೂ ನಿಲ್ಲಿಸಲು ತೀರ್ಮಾನಿಸಿದ್ದ ಪತ್ರಿಕೆಯ ಕೊನೆಯ ಸಂಚಿಕೆಯಲ್ಲಿ, 1962ರ ಆಗಸ್ಟ್‌ನಲ್ಲಿ, 11 ಪುಟದಲ್ಲಿ ಬಂದ. ಸ್ಟೀವ್ ಡಿಟ್ಕೋ ಒಳಗಿನ ಚಿತ್ರ, ಮುಖಪುಟ ಕರ್ಬಿ. 9.6 ಗ್ರೇಡಿನ ಪ್ರತಿ 2021ರಲ್ಲಿ 36 ಲಕ್ಷ ಡಾಲರಿಗೆ ಹೋಯಿತು.

ಆ ಕಾಲದ ಮಾರ್ವೆಲ್ ಪುಸ್ತಕ ಕೈಗೆ ಸಿಕ್ಕರೆ ಬಲ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಇಲಿ ಕಡಿದ ಹಾಗೆ ಸಣ್ಣ ಸಣ್ಣ ಚೂರು ಹೋಗಿರುತ್ತೆ. ಇಲಿಯದಲ್ಲ ಅದು. ಪ್ರೆಸ್ಸಿನಲ್ಲಿ ಕತ್ತರಿಸುವ ಬ್ಲೇಡು ಮೊಂಡಾಗಿತ್ತು. ಈ ವ್ಯಾಪಾರದಲ್ಲಿ ಇದನ್ನು ಮಾರ್ವೆಲ್ ಚಿಪ್ಪಿಂಗ್ ಅಂತಲೇ ಕರೆಯುತ್ತಾರೆ. ಅಂಚು ಸರಿಯಾಗಿರುವ ಪ್ರತಿಗೆ ಅದಕ್ಕೇ ಅಷ್ಟು ಬೆಲೆ.

ಬೆಣ್ಣೆದೋಸೆ (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ನನಗೆ ಕಾಮಿಕ್ಸ್ ಬಗ್ಗೆ ಏನೂ ಗೊತ್ತಿಲ್ಲ. ಎರಡು ದಿನದಿಂದ ನಿಮ್ಮ ಮಾತು ಓದುತ್ತಿದ್ದೇನೆ.

ನಮ್ಮ ಸೋದರಮಾವ 1973ರಲ್ಲಿ ಎಂಜಿನಿಯರಿಂಗ್ ಎಂ.ಎಸ್. ಓದಲು ಶಿಕಾಗೋಗೆ ಹೋಗಿದ್ದರು. ಮೂರು ವರ್ಷಕ್ಕೆ ವಾಪಸ್ ಬಂದರು. ಹೋದ ವರ್ಷ ತೀರಿಕೊಂಡರು. ಮೊನ್ನೆ ಅತ್ತೆ ಅಟ್ಟ ಖಾಲಿ ಮಾಡಿಸುವಾಗ ಒಂದು ಕಬ್ಬಿಣದ ಟ್ರಂಕ್ ಸಿಕ್ಕಿತು. ಪುಸ್ತಕ, ಸ್ಲೈಡ್ ರೂಲ್, ಒಂದು ಸ್ವೆಟರ್. ಕೆಳಗೆ ಐದಾರು ಕಾಮಿಕ್ಸ್. ಅದರಲ್ಲೊಂದು ನೀವು ಹೇಳಿದ್ದೇ. ಹಸಿರು ಕಾರು, ಆಕ್ಷನ್ ಕಾಮಿಕ್ಸ್, ನಂಬರ್ 1, ಜೂನ್ 1938, ಹತ್ತು ಸೆಂಟ್. ಕೈ ನಡುಗುತ್ತಿದೆ. ಯಾರಿಗೂ ಹೇಳಿಲ್ಲ.

ಹೊಸಪುಟ:

ಗುರೂ!!!!

ಹಳೇಪೇಪರ್:

ಮೊದಲು ಒಂದು ಲೋಟ ನೀರು ಕುಡಿಯಿರಿ. ಆಮೇಲೆ ಅಡಿಪಟ್ಟಿ ತಗೊಂಡು ಉದ್ದ, ಅಗಲ ಅಳೆದು ಹೇಳಿ. ಪುಸ್ತಕ ಬಗ್ಗಿಸಬೇಡಿ.

ಬೆಣ್ಣೆದೋಸೆ:

ಉದ್ದ ಹದಿಮೂರೂವರೆ ಇಂಚು. ಅಗಲ ಹತ್ತು. ಬೆನ್ನಿನ ಹತ್ತಿರ ಏನೋ ದಪ್ಪ ಕಾಗದ ಹರಿದ ಗುರುತಿದೆ.

ಹಳೇಪೇಪರ್:

ಸರ್, ಬೇಜಾರು ಮಾಡಿಕೊಳ್ಳಬೇಡಿ. ಅಸಲಿ ಪುಸ್ತಕದ ಉದ್ದ ಹತ್ತೂಕಾಲು ಇಂಚಿನ ಆಸುಪಾಸು, ಅಗಲ ಎಂಟಕ್ಕಿಂತ ಕಡಿಮೆ. ನಿಮ್ಮ ಹತ್ತಿರ ಇರುವುದು 1974ರಲ್ಲಿ ಡಿಸಿ ಕಂಪನಿಯೇ ತಂದ ಮರುಮುದ್ರಣ. ಫೇಮಸ್ ಫಸ್ಟ್ ಎಡಿಶನ್ ಅಂತ ಹೆಸರು. ಮೇಲೆ ದಪ್ಪ ರಟ್ಟಿನ ಹೊದಿಕೆ ಇರುತ್ತಿತ್ತು, ಮರುಮುದ್ರಣ ಅನ್ನೋದು ಅದರ ಮೇಲೆ ಗೊತ್ತಾಗುತ್ತಿತ್ತು. ಅದು ಹರಿದು ಹೋದರೆ ಒಳಗೆ ಉಳಿಯುವುದು ಹಳೆಯದರ ಪಡಿಯಚ್ಚು. ದಿನಾಂಕ, ಬೆಲೆ, ಜಾಹೀರಾತು ಎಲ್ಲ 1938ರವೇ. ಹೊದಿಕೆ ಬೇಕಂತಲೇ ಕಿತ್ತು ಅಮಾಯಕರಿಗೆ ಮಾರಿದವರೂ ಇದ್ದಾರೆ. ನಿಮ್ಮ ಮಾವನದು ಓದಿ ಓದಿ ಹರಿದಿರಬೇಕು.

ಅಸಲಿಯವು ಇಡೀ ಲೋಕದಲ್ಲಿ ನೂರರ ಸುತ್ತಮುತ್ತ ಉಳಿದಿರಬಹುದು ಅಂತ ಅಂದಾಜು. ಯುದ್ಧದ ಕಾಲದಲ್ಲಿ ಮಕ್ಕಳು ಮನೆ ಮನೆಯಿಂದ ರದ್ದಿ ಕಾಗದ ಒಟ್ಟು ಮಾಡಿ ಕೊಡುತ್ತಿದ್ದರು. ಕಾಮಿಕ್ಸ್ ರಾಶಿರಾಶಿ ಹೋಗಿದ್ದು ಹಾಗೆ.

ಬೆಣ್ಣೆದೋಸೆ:

ಹೋಗಲಿ ಬಿಡಿ. ಅರ್ಧ ಗಂಟೆ ಕೋಟ್ಯಧಿಪತಿ ಆಗಿದ್ದೆ, ಅದೂ ಒಂದು ಅನುಭವ. ಹೆಂಡತಿಗೆ ಹೇಳದೇ ಇದ್ದದ್ದು ಒಳ್ಳೆಯದಾಯಿತು.

ಹುಬ್ಳಿ_ಹೈದ:

1.5 ಕೋಟಿ ಡಾಲರಿನ ಪ್ರತಿಗೂ ಒಂದು ಕಥೆ ಐತಿ, ಸಮಾಧಾನಕ್ಕೆ ಕೇಳಿ. ಅದು ನಟ ನಿಕೋಲಸ್ ಕೇಜ್ ಹತ್ತಿರ ಇದ್ದ ಪ್ರತಿ. 1996ರಲ್ಲಿ ಒಂದೂವರೆ ಲಕ್ಷ ಡಾಲರಿಗೆ ಕೊಂಡಿದ್ದ. 2000ದಲ್ಲಿ ಮನೆಯಿಂದ ಕಳ್ಳತನ ಆಯಿತು. ಹನ್ನೊಂದು ವರ್ಷ ಪತ್ತೆಯಿಲ್ಲ. 2011ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಯಾರೋ ಬಾಡಿಗೆಗೆ ಹಿಡಿದಿದ್ದ ಗೋದಾಮಿನ ಖಾನೆಯಲ್ಲಿ ಸಿಕ್ಕಿತು. ಅದೇ ವರ್ಷ ಸುಮಾರು 21.6 ಲಕ್ಷಕ್ಕೆ ಮಾರಿದ. ಇವತ್ತಿನ ಬೆಲೆ ನೋಡಿ ಏನು ಅಂದುಕೊಂಡನೋ.

ಕಳ್ಳನಿಂದಲೇ ಆ ಪ್ರತಿಯ ಹೆಸರು ಜಾಸ್ತಿ ಆಯಿತು ಅನ್ನೋದು ನನ್ನ ಅಭಿಪ್ರಾಯ.

ಪುಟ್ಟಕ್ಕ_ಎನ್‌ಜೆ:

ದಾವಣಗೆರೆ ಅವರೇ, ಟ್ರಂಕಿನಲ್ಲಿ ಐದಾರು ಇವೆ ಅಂದಿರಿ. ಉಳಿದವು ಯಾವುವು? 73ರಿಂದ 76ರ ನಡುವೆ ಅಲ್ಲಿದ್ದವರು ಅಂದರೆ ಸುಮ್ನೆ ಕಟ್ಟಿಡಬೇಡಿ.

ಬೆಣ್ಣೆದೋಸೆ:

ಮೂರು ಕೌಬಾಯ್‌ದು. ಒಂದು ಭೂತದ್ದು. ಇನ್ನೊಂದರಲ್ಲಿ ಹಸಿರು ದೈತ್ಯ ಇದ್ದಾನೆ, ಹಲ್ಕ್ ಅಂತ ಬರೆದಿದೆ. ಅವನ ಮೇಲೆ ಹಳದಿ ಬಟ್ಟೆಯ ಕುಳ್ಳ ಎಗರುತ್ತಿದ್ದಾನೆ, ಕೈಯಲ್ಲಿ ಉಗುರು. ಹಿಂದೆ ಬಿಳಿ ಕೂದಲಿನ ರಾಕ್ಷಸ. 25 ಸೆಂಟ್. ನಂಬರ್ 181.

ಹೊಸಪುಟ:

ಗುರೂ!!!!!!!!

ಮಳೆಗಾಲ:

ಟೇಪ್ ಹಾಕಬೇಡಿ! ಏನೂ ಹಾಕಬೇಡಿ!

ಪುಟ್ಟಕ್ಕ_ಎನ್‌ಜೆ:

ಇದು ಅಸಲಿ ಇರುವ ಸಾಧ್ಯತೆ ಚೆನ್ನಾಗಿದೆ. 1974ರ ನವೆಂಬರ್ ಸಂಚಿಕೆ. ಆ ಕುಳ್ಳ ವುಲ್ವರಿನ್. ಲೆನ್ ವೀನ್ ಕಥೆ, ಹರ್ಬ್ ಟ್ರಿಂಪ್ ಚಿತ್ರ, ವೇಷ ರೂಪಿಸಿದ್ದು ಜಾನ್ ರೊಮಿಟಾ. ಹಿಂದಿನ ಸಂಚಿಕೆ 180ರ ಕೊನೆಯ ಚೌಕದಲ್ಲಿ ಅವನು ಒಮ್ಮೆ ತಲೆ ಹಾಕುತ್ತಾನೆ. ಪೂರ್ತಿ ಕಥೆ ಇದರಲ್ಲೇ. ಹಾಗಾಗಿ ಎಪ್ಪತ್ತರ ದಶಕದ ಪುಸ್ತಕಗಳಲ್ಲಿ ಎಲ್ಲರೂ ಹುಡುಕುವುದು ಇದನ್ನು. ಒಳ್ಳೆ ಸ್ಥಿತಿಯದು ಸಾವಿರಾರು ಡಾಲರ್.

ಈಗ ಒಂದು ಕೆಲಸ ಮಾಡಿ. ಓದುಗರ ಪತ್ರಗಳ ಪುಟ ಇರುತ್ತೆ. ಅಲ್ಲಿಗೆ ಹೋಗಿ. ಅಂಚೆಚೀಟಿ ಥರ ಒಂದು ಚಿತ್ರ ಅಚ್ಚಾಗಿರಬೇಕು. 54ನೇ ನಂಬರ್, ಶಾನಾ ಅನ್ನೋ ಹೆಣ್ಣಿನ ಚಿತ್ರ. ಇದೆಯಾ?

ಬೆಣ್ಣೆದೋಸೆ:

ಪುಟ ಇದೆ. ಆದರೆ ಆ ಜಾಗದಲ್ಲಿ ಚೌಕಾಕಾರದ ತೂತು. ಕತ್ತರಿಯಲ್ಲಿ ನೀಟಾಗಿ ಕತ್ತರಿಸಿದ್ದಾರೆ. ಅಂಚು ಎಷ್ಟು ನೇರ ಇದೆ ಅಂದರೆ ಮಾವನ ಕೆಲಸವೇ. ಮದುವೆ ಪತ್ರಿಕೆಯ ಲಕೋಟೆಯನ್ನೂ ಅಡಿಪಟ್ಟಿ ಇಟ್ಟೇ ಹರಿಯುತ್ತಿದ್ದರು.

ಪುಟ್ಟಕ್ಕ_ಎನ್‌ಜೆ:

ಅಯ್ಯೋ.

ವಿಷಯ ಏನೆಂದರೆ, ಮಾರ್ವೆಲ್‌ನವರು 1974ರಲ್ಲಿ ಒಂದು ಆಟ ಶುರು ಮಾಡಿದ್ದರು. ಒಂದೊಂದು ಪುಸ್ತಕದಲ್ಲಿ ಒಂದೊಂದು ಸ್ಟಾಂಪ್, ಒಟ್ಟು ನೂರು. ಕತ್ತರಿಸಿ ಅಂಟಿಸಿಕೊಳ್ಳಿ ಎಂದು ಅವರೇ ಹೇಳಿದ್ದು. ಮಕ್ಕಳು ಕತ್ತರಿಸಿದರು. ಆ ಕತ್ತರಿಗೆ ಸಿಕ್ಕಿದ ಪುಸ್ತಕಗಳಲ್ಲಿ ಇದೂ ಒಂದಾಗಿಬಿಟ್ಟಿತು. ನಾನೂ ಇದೇ ಗುಂಡಿಗೆ ಬಿದ್ದವಳು. 2009ರಲ್ಲಿ ಇಲ್ಲಿ ಒಂದು ಫ್ಲೀ ಮಾರ್ಕೆಟ್‌ನಲ್ಲಿ ಪ್ಲಾಸ್ಟಿಕ್ ಚೀಲದ ಹೊರಗಿನಿಂದಲೇ ನೋಡಿ ಒಂದು 181 ಕೊಂಡೆ. ಮಾರುವವನು "ಒಳಗೆಲ್ಲ ಫಸ್ಟ್ ಕ್ಲಾಸ್" ಎಂದ. ಮನೆಗೆ ಬಂದು ಬಿಚ್ಚಿದರೆ ಕಿಟಕಿ! ಆ ಕಿಟಕಿಯಿಂದ ಮುಂದಿನ ಪುಟ ಕಾಣುತ್ತಿತ್ತು. ಅವತ್ತಿನಿಂದ ಚೀಲ ಬಿಚ್ಚಿ ಪುಟ ಎಣಿಸದೆ ದುಡ್ಡು ಕೊಟ್ಟಿಲ್ಲ.

ಗ್ರೇಡಿಂಗ್‌ಗೆ ಕಳಿಸಿದರೆ ಸ್ಟಾಂಪ್ ಇಲ್ಲದ್ದಕ್ಕೆ ತೀರಾ ಕಡಿಮೆ ಅಂಕ ಬರುತ್ತೆ. ಇಲ್ಲವೇ ಸಿಜಿಸಿ ಅನ್ನೋ ಗ್ರೇಡಿಂಗ್ ಕಂಪನಿಯವರು ಹಸಿರು ಲೇಬಲ್ ಹಾಕುತ್ತಾರೆ. ನೀಲಿ ಅಂದರೆ ಮಾಮೂಲಿ, ನೇರಳೆ ಅಂದರೆ ರಿಪೇರಿ ಮಾಡಿದ್ದು, ಹಸಿರು ಅಂದರೆ ಚೆನ್ನಾಗಿದೆ ಆದರೆ ಒಂದು ದೊಡ್ಡ ಕೊರತೆ ಇದೆ. ಆದರೂ ಬೆಲೆ ಇಲ್ಲದ್ದಲ್ಲ. ಸ್ಟಾಂಪ್ ಇಲ್ಲದ ಪ್ರತಿಗೂ ಕೊಳ್ಳುವವರಿದ್ದಾರೆ.

ಹಳೇಪೇಪರ್:

ಈ ಸಂದರ್ಭದಲ್ಲೇ ಹೇಳಿಬಿಡುತ್ತೇನೆ. ರಾತ್ರಿ ಯೋಚಿಸಿದೆ. ಶೋಕೇಸ್ 4 ಎರಡನೇ ಸ್ಥಾನಕ್ಕೆ ಬಂತು. ಪುಟ್ಟಕ್ಕ ಗೆದ್ದರು. ಸ್ಪೈಡರ್‌ಮ್ಯಾನ್ ಮೂರು, ಬ್ಯಾಟ್‌ಮ್ಯಾನ್ ನಾಲ್ಕು. ಹಲ್ಕ್ 181 ಒಂಬತ್ತರಿಂದ ಹತ್ತಕ್ಕೆ ಇಳಿಯಿತು, ಜೈಂಟ್ ಸೈಜ್ ಎಕ್ಸ್‌ಮೆನ್ ಒಂಬತ್ತಕ್ಕೆ ಏರಿತು. ಯಾಕೆಂದರೆ 1975ರಲ್ಲಿ ಆ ಪುಸ್ತಕ ಬಂದು ವುಲ್ವರಿನ್‌ನನ್ನು ತಂಡಕ್ಕೆ ಸೇರಿಸದಿದ್ದರೆ ಅವನು ಹಲ್ಕ್ ಜೊತೆ ಒಂದು ಸಲ ಕುಸ್ತಿ ಆಡಿ ಮರೆತುಹೋಗುತ್ತಿದ್ದ. ತೊಲೆ ಅದು, ಇದು ಬರೀ ಹೆಂಚು.

ಕ್ಯಾಪ್ಟನ್ ಅಮೆರಿಕ 1 ಅಲ್ಲಾಡಲ್ಲ. ಅಂಗಡಿಗೆ ಬಂದಿದ್ದು 1940ರ ಡಿಸೆಂಬರಿನಲ್ಲಿ. ಅಮೆರಿಕ ಯುದ್ಧಕ್ಕೆ ಇಳಿಯಲು ಇನ್ನೂ ಒಂದು ವರ್ಷ ಇತ್ತು. ಮುಖಪುಟದಲ್ಲಿ ಹಿಟ್ಲರ್‌ನ ದವಡೆಗೆ ಗುದ್ದು. ಜೋ ಸೈಮನ್, ಜ್ಯಾಕ್ ಕರ್ಬಿ ಇಬ್ಬರೂ ಯಹೂದಿ ಹುಡುಗರು, ಬೆದರಿಕೆ ಪತ್ರಗಳು ಬಂದವು. ಅದರ ಬಗ್ಗೆ ಬೇರೆಯೇ ಬರೆಯಬೇಕು.

ಹೊಸಪುಟ:

ನನ್ನ ಹತ್ತಿರ 1991ರ ಎಕ್ಸ್‌ಮೆನ್ 1 ಇದೆ. ಪಟ್ಟಿಗೆ ಸೇರುತ್ತಾ?

ಹುಬ್ಳಿ_ಹೈದ:

ಅದು 80 ಲಕ್ಷ ಪ್ರತಿ ಅಚ್ಚಾಗಿದ್ದು ತಮ್ಮಾ. ಓದಿ ಖುಷಿ ಪಡು.

ಬೆಣ್ಣೆದೋಸೆ:

ಮತ್ತೆ ನಾನೇ. ನಿನ್ನೆ ಸಂಜೆ ಟ್ರಂಕ್ ಪೂರ್ತಿ ಖಾಲಿ ಮಾಡಿದೆ. ಮಾವನ ಒಂದು ನೋಟ್‌ಬುಕ್ ಸಿಕ್ಕಿತು. ಮುಂದೆಲ್ಲ ಥರ್ಮೋಡೈನಮಿಕ್ಸ್ ಲೆಕ್ಕ, ನೀಲಿ ಶಾಯಿ. ಹಿಂದಿನಿಂದ ತಿರುವಿದರೆ ಸಣ್ಣ ಸಣ್ಣ ಚಿತ್ರ ಅಂಟಿಸಿದ್ದಾರೆ, ಒಂದು ಪುಟಕ್ಕೆ ನಾಲ್ಕು. ಎಣಿಸಿದೆ, 23 ಇವೆ. ಪ್ರತಿಯೊಂದರ ಕೆಳಗೆ ಕನ್ನಡದಲ್ಲಿ ತಾರೀಕು, ಎಲ್ಲಿ ಕೊಂಡಿದ್ದು ಅಂತ ಬರೆದಿದ್ದಾರೆ. 54ರ ಕೆಳಗೆ "ಬಸ್ ಸ್ಟ್ಯಾಂಡ್ ಅಂಗಡಿ. ಚಳಿ. 25 ಸೆಂಟ್" ಎಂದಿದೆ.

ಇದನ್ನು ಕಿತ್ತು ಆ ಪುಟಕ್ಕೆ ವಾಪಸ್ ಅಂಟಿಸಬಹುದಾ?

ಪುಟ್ಟಕ್ಕ_ಎನ್‌ಜೆ:

ಬೇಡ. ಕೀಳಲು ಹೋದರೆ ಹರಿಯುತ್ತೆ. ಅಂಟಿಸಿದರೂ ಗ್ರೇಡ್ ಮಾಡುವವರಿಗೆ ಗೊತ್ತಾಗುತ್ತೆ, ರಿಪೇರಿ ಲೆಕ್ಕಕ್ಕೆ ಹೋಗುತ್ತೆ. ಮಾರುವುದಾದರೆ ನೋಟ್‌ಬುಕ್ಕಿನ ಆ ಪುಟದ ಫೋಟೋ ಜೊತೆಗಿಡಿ.

ನಾನಾಗಿದ್ದರೆ ಮಾರುತ್ತಿರಲಿಲ್ಲ, ಅದು ಬೇರೆ ಮಾತು.

ಬೆಣ್ಣೆದೋಸೆ:

ಅತ್ತೆಗೆ ತೋರಿಸಿದೆ. ನೋಟ್‌ಬುಕ್ ತಮಗೆ ಬೇಕು, ಕಾಮಿಕ್ಸ್ ನೀನೇ ಇಟ್ಟುಕೋ ಎಂದರು. "ಬಸ್ ಸ್ಟ್ಯಾಂಡ್ ಅಂಗಡಿ" ಎಂದು ಎರಡು ಸಲ ಓದಿಕೊಂಡರು. ಮೈಲಾರ್ ಚೀಲ ಯಾವ ಸೈಜ್ ತರಿಸಲಿ?

ಹಳೇಪೇಪರ್:

ಹಲ್ಕ್‌ಗೆ ಸಿಲ್ವರ್ ಸೈಜ್ ಸಾಕು. ಆ ದೊಡ್ಡ ಆಕ್ಷನ್‌ಗೆ ಟ್ರೆಷರಿ ಸೈಜ್ ಅಂತ ಕೇಳಿ, ರಟ್ಟೂ ಅದೇ ಅಳತೆಯದು. ಟ್ರಂಕಿಗೆ ಮಾತ್ರ ವಾಪಸ್ ಹಾಕಬೇಡಿ, ಕಬ್ಬಿಣ ಬೆವರುತ್ತೆ.